ಹಲೋ ವರ್ಲ್ಡ್‌ಗೆ ಹಾರ ತುರಾಯಿ

ತುಮಕೂರು ಜಿಲ್ಲೆಯು ಮಾಹಿತಿ ತಂತ್ರಜ್ಞಾನದಲ್ಲಿ ಹಿಂದುಳಿದಿದೆಯೆಂದು ಇನ್ನು ಮುಂದೆ ಯಾರೂ ಕೊಂಕು ನುಡಿಯುವಂತಿಲ್ಲ. ಜಿಲ್ಲಾ ಮಟ್ಟದ ಡೆವಲಪರ್ ಮೀಟಪ್, ಅಂದರೆ ಪ್ರೋಗ್ರಾಂ ಬರೆಯುವವರ ಕೂಟ, ಹಾಗೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ದಿನದ ತರಬೇತಿಯ ಚಿತ್ರವು ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಬಂದದ್ದನ್ನು, ಅದಕ್ಕೂ ಮೊದಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ್ದನ್ನು ತಾವೆಲ್ಲರೂ ನೋಡಿಯೇ ಇದ್ದೀರಿ. ವೇದಿಕೆಯಲ್ಲಿ ಆಸೀನರಾಗಿದ್ದ ಅಷ್ಟೂ ಗಣ್ಯರು ಒಂದೇ ಚಿತ್ರದಲ್ಲಿ ಹಿಡಿಸಬೇಕೆಂದು ಛಾಯಾಗ್ರಾಹಕರು ಸಭಾಂಗಣದ ಕೊನೆಯ ಸಾಲಿನವರೆಗೂ ಹಿಂದೆ ಸರಿದರಂತೆ; ಅವರಿಗೆ ಜಾಗ ಮಾಡಿಕೊಡಲು ಆ ಸಾಲಿನಲ್ಲಿದ್ದ ನಾಲ್ಕಾರು ವಿದ್ಯಾರ್ಥಿಗಳು, ಅಂದರೆ ನಿಜಕ್ಕೂ ಪ್ರೋಗ್ರಾಂ ಬರೆಯಬಲ್ಲವರು, ಎದ್ದು ಹೊರಗೆ ಹೋಗಬೇಕಾಯಿತಂತೆ.

ಈ ಸಲ ದೀಪ ಬೆಳಗಿದ್ದು ಎಣ್ಣೆಬತ್ತಿಯಿಂದಲ್ಲ. ಮುಖ್ಯ ಅತಿಥಿಗಳು ಲ್ಯಾಪ್‌ಟಾಪಿನ ಗುಂಡಿ ಒತ್ತಿದೊಡನೆ ಪರದೆಯ ಮೇಲೆ ಐದು ಬತ್ತಿಯ ದೀಪ ಹೊತ್ತಿಕೊಂಡಿತು, ಹೂಗಳು ಉದುರಿದವು, ನಾದಸ್ವರ ಮೊಳಗಿತು. ಅವರು ಒತ್ತಿದ್ದು ಹೇಳಿಕೊಟ್ಟ ಗುಂಡಿಯನ್ನಲ್ಲ, ಆದರೂ ಅಭಾಸವಾಗಲಿಲ್ಲ. ಯಾವ ಗುಂಡಿ ಒತ್ತಿದರೂ ದೀಪ ಹೊತ್ತಲೇಬೇಕೆಂಬ ಮುಂದಾಲೋಚನೆ ಆ ಪ್ರೋಗ್ರಾಂ ಬರೆದ ವಿದ್ಯಾರ್ಥಿನಿಗಿತ್ತು. ಬಳಕೆದಾರನ ಸಾಮರ್ಥ್ಯವನ್ನು ಇಷ್ಟು ಖಚಿತವಾಗಿ ಅಳೆದ ಪ್ರೋಗ್ರಾಮರ್ ನಮ್ಮ ಜಿಲ್ಲೆಯಲ್ಲಿರುವುದು ಹೆಮ್ಮೆಯ ವಿಷಯ. ಇಡೀ ದಿನದಲ್ಲಿ ಸರಿಯಾಗಿ ಕೆಲಸ ಮಾಡಿದ ಏಕೈಕ ತಂತ್ರಾಂಶ ಅದು. ಆಕೆಯ ಹೆಸರು ಆಹ್ವಾನ ಪತ್ರಿಕೆಯಲ್ಲಿರಲಿಲ್ಲ, ಶಾಮಿಯಾನದವರ ಹೆಸರಿತ್ತು.

ಮುಂದಿನದು ಎಂದಿನಂತೆಯೇ ನಡೆಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಮೈಸೂರು ಪೇಟ, ಸ್ಮರಣಿಕೆ. ಒಬ್ಬ ಅತಿಥಿಗಳು ಯುವಜನರು ಮೊಬೈಲ್ ಮತ್ತು ಕಂಪ್ಯೂಟರುಗಳಿಂದ ದೂರವಿರಬೇಕೆಂದು, ಕೋಡಿಂಗ್ ಕಲಿಯಲು ಬಂದವರಿಗೇ ಕಳಕಳಿಯಿಂದ ಕರೆ ನೀಡಿದರು. ಇನ್ನೊಬ್ಬರು ಕೃತಕ ಬುದ್ಧಿಮತ್ತೆಯು ಕುರುಕ್ಷೇತ್ರದ ಕಾಲದಲ್ಲೇ ನಮ್ಮಲ್ಲಿತ್ತೆಂದೂ ಸಂಜಯನೇ ಅದಕ್ಕೆ ಸಾಕ್ಷಿಯೆಂದೂ ತಿಳಿಸಿ, ತಮಗೆ ಬೇರೆ ಕಾರ್ಯಕ್ರಮವಿರುವುದರಿಂದ ಹೊರಡುತ್ತಿರುವುದಾಗಿ ಹೇಳಿ ಮತ್ತೆ ಅರ್ಧ ಗಂಟೆ ಮಾತನಾಡಿದರು. ಊಟದ ನಂತರ ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಮೈಕ್ ಹಿಡಿದು, ಎಲ್ಲರೂ ಪೈಥಾನನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕೆಂದರು. ಸಭಾಂಗಣದ ಅಷ್ಟೂ ಲ್ಯಾಪ್‌ಟಾಪುಗಳು ಒಂದೇ ವೈಫೈಗೆ ಏಕಕಾಲಕ್ಕೆ ಬಾಯಿ ಹಾಕಿದವು. ನಾಲ್ಕು ಪೆನ್‌ಡ್ರೈವ್‌ಗಳಲ್ಲಿ ಮೊದಲೇ ಹಾಕಿ ತಂದಿದ್ದರೆ ಕೈಯಿಂದ ಕೈಗೆ ದಾಟಿ ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತಿದ್ದ ಕೆಲಸವದು. ಮುಂದಿನ ಸಾಲಿನ ಕೆಲವರ ಪರದೆಯ ಮೇಲೆ, ಕಲಿಯುವವರು ಬರೆಯುವ ಮೊದಲ ಪ್ರೋಗ್ರಾಮಿನ ‘ಹಲೋ ವರ್ಲ್ಡ್’ ಎಂಬ ಸಾಲು ಮೂಡುವಷ್ಟರಲ್ಲಿ ಸಮಾರೋಪಕ್ಕೆ ಗಣ್ಯರು ಆಗಮಿಸಿಬಿಟ್ಟರು. ಗೈಡೊ ವ್ಯಾನ್ ರೋಸಮ್ ಎಂಬುವರು 1991ರಲ್ಲಿ ಜಗತ್ತಿಗೆ ಬಿಟ್ಟುಕೊಟ್ಟ, ಅಂದಿನಿಂದಲೂ ಪುಕ್ಕಟೆಯಾಗಿ ಸಿಗುತ್ತಿರುವ ಈ ಭಾಷೆಯ ನೋಂದಣಿ ಶುಲ್ಕದಲ್ಲಿ ಊಟ, ಬ್ಯಾಗು, ಪೆನ್ನು ಮತ್ತು ಸರ್ಟಿಫಿಕೇಟು ಸೇರಿದ್ದವು.

ಸರ್ಟಿಫಿಕೇಟಿನ ವಿಷಯದಲ್ಲಿ ವಿದ್ಯಾರ್ಥಿಗಳನ್ನು ದೂರುವ ಮನಸ್ಸಾಗುವುದಿಲ್ಲ. ಎಂಜಿನಿಯರಿಂಗ್ ಪದವಿಯ ನಾಲ್ಕು ವರ್ಷಗಳಲ್ಲಿ ಪಾಠಗಳ ಅಂಕಗಳಲ್ಲದೆ 100 ಚಟುವಟಿಕೆ ಅಂಕಗಳನ್ನೂ, ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಸೇರಿದವರು 75 ಅಂಕಗಳನ್ನೂ ಗಳಿಸಬೇಕೆಂದು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಕ ಸಂಸ್ಥೆಯಾದ ಎಐಸಿಟಿಇ ವಿಧಿಸಿದೆ. ಮಕ್ಕಳು ತರಗತಿಯಿಂದ ಹೊರಗೆ ಬಂದು ಸಮಾಜವನ್ನು ನೋಡಲಿ ಎಂಬುದು ಅದರ ಸದುದ್ದೇಶ. ಮಕ್ಕಳಾದರೋ ಮುದ್ರೆ ಬಿದ್ದ ಯಾವ ಕಾಗದವಾದರೂ ಒಂದಲ್ಲ ಒಂದು ದಿನ ಕೈಹಿಡಿದೀತೆಂಬ ನಂಬಿಕೆಯಿಂದ ಸಭಾಂಗಣದಿಂದ ಸಭಾಂಗಣಕ್ಕೆ ಅಲೆಯುತ್ತಾರೆ. ಸಭಿಕರ ಕೊರತೆಯಿರುವ ಸಂಘಟಕರಿಗೂ ಕಾಗದದ ಕೊರತೆಯಿರುವ ವಿದ್ಯಾರ್ಥಿಗಳಿಗೂ ಇದಕ್ಕಿಂತ ಒಳ್ಳೆಯ ಕೂಡಾವಳಿ ಯಾವುದಿದ್ದೀತು?

ತರಬೇತಿಯ ಕೊನೆಯ ಹತ್ತು ನಿಮಿಷ ‘ಓಪನ್ ಸೋರ್ಸ್‌ಗೆ ಕೊಡುಗೆ’, ಅಂದರೆ ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶಕ್ಕೆ ನೆರವಾಗುವುದು, ಎಂಬ ವಿಷಯಕ್ಕೆ ಮೀಸಲಾಗಿತ್ತು. ಈ ಕೊಡುಗೆಯ ಇತಿಹಾಸವನ್ನು ಅಂದು ಯಾರೂ ಹೇಳಲಿಲ್ಲವಾದ್ದರಿಂದ ಸ್ವಲ್ಪ ದಾರಿ ತಪ್ಪಿಯಾದರೂ ಇಲ್ಲಿ ಹೇಳಬೇಕು. ಡಿಜಿಟಲ್ ಓಷನ್ ಎಂಬ ಕಂಪನಿಯು ಪ್ರತಿ ಅಕ್ಟೋಬರಿನಲ್ಲಿ ನಡೆಸುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, ಯಾವುದಾದರೂ ಮುಕ್ತ ತಂತ್ರಾಂಶಕ್ಕೆ ನಾಲ್ಕು ತಿದ್ದುಪಡಿಗಳನ್ನು ಕಳುಹಿಸಿದವರಿಗೆ ಟೀಶರ್ಟ್ ಕೊಡುವ ರೂಢಿಯಿತ್ತು. 2020ರ ಅಕ್ಟೋಬರಿನ ಮೊದಲ ದಿನಗಳಲ್ಲೇ, ವಿವರಣೆಯ ಕಡತಗಳಲ್ಲಿ ‘ಅದ್ಭುತ ಯೋಜನೆ’ ಎಂಬಂಥ ಒಂದು ಸಾಲನ್ನು ಸೇರಿಸಿದ ತಿದ್ದುಪಡಿಗಳು ಜಗತ್ತಿನ ಮೂಲೆಮೂಲೆಯ ತಂತ್ರಾಂಶ ನಿರ್ವಾಹಕರ ಮೇಲೆ ಮಳೆಗರೆದವು. ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಕೊಡುಗೆ ಎಂದು ಕಂಪನಿಯು ನಡುವೆಯೇ ನಿಯಮವನ್ನು ಬದಲಿಸಬೇಕಾಯಿತು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ತಂತ್ರಾಂಶಕ್ಕೂ ಇದೇ ಗತಿ ಬಂತು. ಯೂಟ್ಯೂಬ್ ಪಾಠವೊಂದನ್ನು ನೋಡಿದ ವಿದ್ಯಾರ್ಥಿಗಳು ಅದರ ವಿವರಣೆಯ ಕಡತಕ್ಕೆ ತಮ್ಮ ತಮ್ಮ ಹೆಸರುಗಳನ್ನು ಸೇರಿಸಿ ಕಳುಹಿಸತೊಡಗಿದರು. ಮಧುಗಿರಿಯ ಬೆಟ್ಟ ಹತ್ತಿ ಕೋಟೆಯ ಗೋಡೆಯ ಮೇಲೆ ಹೆಸರು ಕೆತ್ತಿ ಬರುವವರನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವೆಂದರೆ, ಆ ಹತ್ತು ನಿಮಿಷಗಳಲ್ಲಿ ನಮ್ಮ ಮಕ್ಕಳಿಗೆ ಅಭ್ಯಾಸಕ್ಕೆಂದು ಕೊಟ್ಟ ಕೆಲಸವೂ ಕೋಡ್ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನ ಕಡತವೊಂದಕ್ಕೆ ತಮ್ಮ ಹೆಸರು ಸೇರಿಸುವುದೇ ಆಗಿತ್ತು.

ಇಂಥ ಕೂಟಗಳು ಬೇರೆಡೆ ಹೇಗೆ ಹುಟ್ಟಿದವೆಂದು ನೋಡೋಣ. ಕಂಪ್ಯೂಟರ್ ಹವ್ಯಾಸಿಗಳ ಕೂಟವಾಗಿದ್ದ ಅಮೆರಿಕದ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಮೊದಲ ಸಭೆ ನಡೆದದ್ದು 1975ರ ಮಾರ್ಚ್ 5ರಂದು, ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿ, ಗಾರ್ಡನ್ ಫ್ರೆಂಚ್ ಎಂಬುವರ ಮನೆಯ ಗ್ಯಾರೇಜಿನಲ್ಲಿ. ಅಂದು ಅಲ್ಲಿಗೆ ಬಂದಿದ್ದ ಸ್ಟೀವ್ ವೋಜ್ನಿಯಾಕ್ ಮುಂದೆ ಆ್ಯಪಲ್ ಕಂಪ್ಯೂಟರನ್ನು ಕಟ್ಟಿ, ಅದೇ ಕ್ಲಬ್ಬಿನ ಗೆಳೆಯರಿಗೆ ತಂದು ತೋರಿಸಿದರು. ವೇದಿಕೆಯಿಲ್ಲ, ಶಾಲಿಲ್ಲ, ಜಿಲ್ಲಾ ಉಸ್ತುವಾರಿ ಸಚಿವರ ಸಂದೇಶ ವಾಚನವೂ ಇಲ್ಲ. ಇಷ್ಟು ಅವ್ಯವಸ್ಥಿತವಾಗಿ ಆರಂಭವಾದ ಸಂಘವೊಂದು ಹೇಗೆ ಉಳಿಯಿತೆಂದು ನಮ್ಮ ಸಂಘಟಕರು ಅಧ್ಯಯನ ಪ್ರವಾಸ ಕೈಗೊಂಡರೂ ತಪ್ಪಿಲ್ಲ. ಅಷ್ಟು ದೂರ ಹೋಗಲಾಗದವರು ಬೆಂಗಳೂರಿನ ಪೈಥಾನ್ ಗೆಳೆಯರ ಬ್ಯಾಂಗ್‌ಪೈಪರ್ಸ್ ಗುಂಪನ್ನು ನೋಡಿ ಬರಬಹುದು. ಇವತ್ತಿನ ವಿಷಯವನ್ನು ಯಾರು ಹೇಳುತ್ತಾರೆ, ಮುಂದಿನ ತಿಂಗಳು ಎಲ್ಲಿ ಸೇರೋಣ ಎಂಬೆರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅಂಥ ಗುಂಪುಗಳ ಆಡಳಿತ ವ್ಯವಹಾರ ಬಹುಮಟ್ಟಿಗೆ ಮುಗಿಯುತ್ತದೆ.

ಆದರೆ ನಮ್ಮ ಹುಡುಗರು ಬೆಂಗಳೂರಿಗೆ ಹೋಗಿ ಬರುವುದೆಂದರೆ ಹೋಗಲು ಎಪ್ಪತ್ತು, ಬರಲು ಎಪ್ಪತ್ತು ಕಿಲೋಮೀಟರ್. ಶನಿವಾರ ಬೆಳಗಿನ ರೈಲಿನಲ್ಲಿ ಬಾಗಿಲ ಬಳಿ ನಿಂತು ಹೋಗಿ, ಮೆಜೆಸ್ಟಿಕ್‌ನಿಂದ ಇಂದಿರಾನಗರವನ್ನೋ ಕೋರಮಂಗಲವನ್ನೋ ತಲುಪುವಷ್ಟರಲ್ಲಿ ಮೊದಲ ಉಪನ್ಯಾಸ ಮುಗಿದಿರುತ್ತದೆ. ಉಪನ್ಯಾಸಗಳೆಲ್ಲ ಮುಗಿದ ಮೇಲೆ ಕಾಫಿ ಹಿಡಿದು ನಿಂತು ಆಡುವ ಮಾತಿನಲ್ಲೇ ಇಂಥ ಕೂಟಗಳ ನಿಜವಾದ ಪ್ರಯೋಜನವಿರುವುದು. ನಿನ್ನ ಕೋಡ್ ಎಲ್ಲಿ ಕೆಟ್ಟಿದೆ ತೋರಿಸು ಎನ್ನುವವರು ಸಿಗುವುದು ಅಲ್ಲಿ, ನಮ್ಮಲ್ಲಿ ಕೆಲಸ ಖಾಲಿಯಿದೆ ಎನ್ನುವವರು ಸಿಗುವುದೂ ಅಲ್ಲಿಯೇ. ನಮ್ಮ ಹುಡುಗ ಆ ಹೊತ್ತಿಗೆ ರೈಲು ತಪ್ಪೀತೆಂದು ಓಡುತ್ತಿರುತ್ತಾನೆ. ಇದಕ್ಕೆ ನಮ್ಮ ನಾಯಕರ ಬಳಿ ಪರಿಹಾರವಿಲ್ಲವೆಂದಲ್ಲ. ಬೆಂಗಳೂರಿನ ಹೊರವಲಯದ ಮಾದಾವರದವರೆಗೆ ಬಂದಿರುವ ಮೆಟ್ರೊವನ್ನು ತುಮಕೂರಿಗೆ ಎಳೆದು ತರುವ ಮಾತು ನಡೆದೇ ಇದೆ. 2025ರಲ್ಲಿ ರಾಮನಗರವು ಬೆಂಗಳೂರು ದಕ್ಷಿಣವಾದ ಮೇಲೆ ತುಮಕೂರನ್ನು ಬೆಂಗಳೂರು ಉತ್ತರವೆಂದು ಕರೆಯುವ ಆಲೋಚನೆಯೂ ತೇಲಿಬಂದಿತ್ತು. ಖರ್ಚಿನ ದೃಷ್ಟಿಯಿಂದ ಎರಡನೆಯದೇ ಉತ್ತಮವೆಂದು ನನ್ನ ನಮ್ರ ಸಲಹೆ. ಫಲಕಗಳನ್ನು ಬದಲಿಸಿದ ಮರುದಿನದಿಂದ ನಮ್ಮ ಹುಡುಗರು ಯಾವ ಮೀಟಪ್ಪಿಗೂ ಬೆಂಗಳೂರಿಗೆ ಹೋಗಬೇಕಿಲ್ಲ. ಟೌನ್‌ಹಾಲ್ ವೃತ್ತದಲ್ಲಿ ನಿಂತಿದ್ದರೂ ಬೆಂಗಳೂರಿನಲ್ಲೇ ನಿಂತಂತಾಯಿತು.

ನಗುವುದು ಇಷ್ಟಕ್ಕೇ ಸಾಕು. 1963ರಿಂದ ಎಂಜಿನಿಯರಿಂಗ್ ಶಿಕ್ಷಣವಿರುವ ಊರು ಇದು. ಈ ಊರಿನಲ್ಲಿ ಓದಿದವರು ಜಗತ್ತಿನಾದ್ಯಂತ ಕೋಡ್ ಬರೆಯುತ್ತಿದ್ದಾರೆ. ಇಲ್ಲಿ ಉಳಿದ ಮಗುವಿಗೆ ಸಿಗುವುದೇನು? ಕೊನೆಯ ವರ್ಷದ ಪ್ರಾಜೆಕ್ಟನ್ನು ವರದಿ, ಪಿಪಿಟಿ ಸಮೇತ ಕಟ್ಟಿಕೊಡುವ ಅಂಗಡಿ, ಹಣ ಕೊಟ್ಟರೆ ತಾರೀಖು ಹಾಕಿ ಕೊಡುವ ಇಂಟರ್ನ್‌ಶಿಪ್ ಪತ್ರ, ಕೆಲಸ ಖಾತರಿಯೆಂಬ ಫ್ಲೆಕ್ಸು. ಪಾವಗಡದಿಂದಲೋ ಶಿರಾದಿಂದಲೋ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯೊಬ್ಬಳು, ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು, ತನ್ನ ಪ್ರೋಗ್ರಾಂ ಏಕೆ ಓಡುತ್ತಿಲ್ಲವೆಂದು ಕನ್ನಡದಲ್ಲಿ ಕೇಳಿ ಕನ್ನಡದಲ್ಲಿ ಉತ್ತರ ಪಡೆಯಬಹುದಾದ ಒಂದು ಕೋಣೆ ಈ ಊರಿನಲ್ಲಿಲ್ಲ. ಹಣಕ್ಕೇನೂ ಬರವಿಲ್ಲ, ಅಂದಿನ ಪೇಟ, ಶಾಲು, ಸ್ಮರಣಿಕೆಗಳ ಖರ್ಚಿನಲ್ಲಿ ಅಂಥದೊಂದು ಕೋಣೆಯ ಇಂಟರ್‌ನೆಟ್ ಬಿಲ್ಲನ್ನು ವರ್ಷವಿಡೀ ಕಟ್ಟಬಹುದಿತ್ತು. ಪ್ರತಿ ತಿಂಗಳೂ ತಪ್ಪದೆ ಬಂದು ಕುಳಿತುಕೊಳ್ಳುವ ಕೆಲಸ ಬೇಸರದ್ದು, ಅದಕ್ಕೆ ಪತ್ರಿಕೆಯಲ್ಲಿ ಚಿತ್ರ ಬರುವುದಿಲ್ಲ, ಆದ್ದರಿಂದ ಯಾರೂ ಮಾಡುವುದಿಲ್ಲ. ಇದನ್ನು ಮೃದುವಾಗಿ ಹೇಳುವ ಸಹನೆ ನನ್ನಲ್ಲಿ ಉಳಿದಿಲ್ಲ.

ಕೆಲವು ಯುವಕರು ತಿಂಗಳಿಗೊಂದು ಭಾನುವಾರ ಸೇರಲು ಜಾಗ ಕೇಳಿಕೊಂಡು ಕಾಲೇಜೊಂದಕ್ಕೆ ಅರ್ಜಿ ಕೊಟ್ಟಿದ್ದರು. ಕಾರ್ಯಕ್ರಮದ ಅಧ್ಯಕ್ಷತೆ ಯಾರದೆಂದು ಕಚೇರಿಯವರು ಕೇಳಿದರು. ಅಧ್ಯಕ್ಷರಿಲ್ಲ, ಹತ್ತು ಜನ ಕುಳಿತು ಕೋಡ್ ಬರೆಯುತ್ತೇವೆ ಎಂದಾಗ, ಕಾರ್ಯಕ್ರಮವೇ ಇಲ್ಲದೆ ಸೆಮಿನಾರ್ ಹಾಲಿನ ಬೀಗ ತೆಗೆಯಲು ನಿಯಮವಿಲ್ಲವೆಂಬ ಉತ್ತರ ಬಂತು. ಬಯಸಿದರೆ ಒಂದು ಉದ್ಘಾಟನೆ ಇಟ್ಟುಕೊಳ್ಳಿ, ಆಗ ಕೊಡಬಹುದು ಎಂಬ ಸಲಹೆಯೂ ಜೊತೆಗಿತ್ತು.

ಈಗ ಅವರು ಬಿ.ಎಚ್. ರಸ್ತೆಯ ಕಡೆಯ ಒಂದು ಸಣ್ಣ ಹೋಟೆಲಿನ ಒಳಕೋಣೆಯಲ್ಲಿ ಸೇರುತ್ತಾರೆ. ಹೆಚ್ಚು ಹೊತ್ತು ಕುಳಿತುಕೊಳ್ಳಬಾರದು ಎಂಬ ಫಲಕದ ಕೆಳಗೇ ಎರಡು ಮೇಜುಗಳನ್ನು ಜೋಡಿಸಿಕೊಂಡು ಕುಳಿತು, ಒಬ್ಬರ ಕೋಡನ್ನು ಇನ್ನೊಬ್ಬರು ಓದುತ್ತಾರೆ. ಮಾಲೀಕರು ಬೈಟು ಕಾಫಿಗಷ್ಟೇ ಹಣ ತೆಗೆದುಕೊಂಡು, ಮಿಕ್ಸಿಯ ತಂತಿ ಕಿತ್ತು ಲ್ಯಾಪ್‌ಟಾಪ್ ಚಾರ್ಜಿಗೆ ಪ್ಲಗ್ ಬಿಟ್ಟುಕೊಡುತ್ತಾರೆ. ಡೆವಲಪರ್ ಸಮುದಾಯಕ್ಕೆ ಈ ಊರಿನಲ್ಲಿ ಸಿಕ್ಕಿರುವ ಪ್ರೋತ್ಸಾಹವೆಂದರೆ, ನನಗೆ ತಿಳಿದ ಮಟ್ಟಿಗೆ, ಆ ಒಂದು ಪ್ಲಗ್ಗು. ಈ ಸುದ್ದಿಯನ್ನೋದಿದ ಯಾರಾದರೂ ಆ ಮಾಲೀಕರನ್ನು ಸನ್ಮಾನಿಸಲು ಹೊರಡುವ ಅಪಾಯವಿರುವುದರಿಂದ ಹೋಟೆಲಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಭಾನುವಾರ ಮಧ್ಯಾಹ್ನ ಅಲ್ಲಿ ಊಟದ ಗಿರಾಕಿಗಳು ಜಾಸ್ತಿ. ಪೇಟ ತೊಡಿಸಿಕೊಂಡು ನಿಲ್ಲಲು ಅವರಿಗೆ ಬಿಡುವಿರುವುದಿಲ್ಲ.