ಚಿಕ್ಕಪ್ಪ ಮತ್ತು ಸ್ತ್ರೀವೇಷದ ಬಾಗಿಲು

ಹೋದ ವರ್ಷ ನನ್ನ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಬುಗುಟು ಎದ್ದಿತ್ತು. ಕೇಳಿದವರಿಗೆಲ್ಲ ಬೈಕಿನಿಂದ ಬಿದ್ದೆ ಎಂದೆ. ಬೈಕಿನಿಂದ ಬೀಳುವುದಕ್ಕೆ ಒಂದು ಮರ್ಯಾದೆ ಇದೆ. ನಿಜವಾಗಿ ಆದದ್ದು ಬೇರೆ. ಒಂದು ಬ್ಯಾಂಕಿನೊಳಗೆ ಹೋಗುವಾಗ ಬಾಗಿಲು ಬಿಟ್ಟು ಪಕ್ಕದ ಗಾಜಿಗೆ ಹೊಡೆದುಕೊಂಡಿದ್ದೆ. ಬ್ರಾಂಚನ್ನು ಹೊಸದಾಗಿ ಮಾಡಿಸಿದ್ದರು. ಮೊದಲಿದ್ದ ಕಬ್ಬಿಣದ ಗೇಟು ಹೋಗಿ, ನೆಲದಿಂದ ಸೂರಿನವರೆಗೆ ಬರೀ ಗಾಜು ಬಂದಿತ್ತು. ಯಾರೋ ಪುಣ್ಯಾತ್ಮ ಅದನ್ನು ಚೆನ್ನಾಗಿ ಒರೆಸಿಯೂ ಇದ್ದ.

ವಾಚ್‌ಮನ್ ಓಡಿ ಬಂದು, "ಬೇಜಾರ್ ಮಾಡ್ಕೋಬೇಡಿ ಸಾರ್, ದಿನಾ ಮೂರು ನಾಲ್ಕು ಜನ ಹೊಡ್ಕೋತಾರೆ" ಎಂದು ಸಮಾಧಾನ ಮಾಡಿದ. ಒಂದು ವಾರ ಬಿಟ್ಟು ಹೋದರೆ ಆ ಗಾಜಿನ ಮೇಲೆ ಎ-ಫೋರ್ ಹಾಳೆ. ನಾಲ್ಕೂ ಮೂಲೆಗೆ ಸೆಲ್ಲೋಟೇಪು. "ಇದು ಬಾಗಿಲಲ್ಲ." ಸರಿಯಾಗಿ ನನ್ನ ಹಣೆಯ ಎತ್ತರಕ್ಕೇ ಅಂಟಿಸಿದ್ದರು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅವತ್ತಿನಿಂದ ನನಗೆ ಈ ಹಾಳೆಗಳನ್ನು ನೋಡುವ ಚಟ ಹತ್ತಿದೆ. ಹೋಟೆಲು, ಆಸ್ಪತ್ರೆ, ಬಟ್ಟೆ ಅಂಗಡಿ, ಕಲ್ಯಾಣ ಮಂಟಪ, ಎಲ್ಲೇ ಹೋಗಲಿ ಇದೇ ಕತೆ. ಡಿಸೈನರ್ ಲಕ್ಷಗಟ್ಟಲೆ ದುಡ್ಡು ತಗೊಂಡು, ಫೋಟೋ ಹೊಡೆಸಿ, ಹೋಗುತ್ತಾರೆ. ತಿಂಗಳಾಗುವಷ್ಟರಲ್ಲಿ ಹಾಳೆಗಳು ಏಳುತ್ತವೆ. "ತಳ್ಳಿ." "ಸ್ವಿಚ್ ಕನ್ನಡಿಯ ಹಿಂದೆ ಇದೆ." "ಮೆಟ್ಟಿಲಿದೆ, ನೋಡಿ ಇಳಿಯಿರಿ." ಒಂದು ಡೆಂಟಲ್ ಕ್ಲಿನಿಕ್ಕಿನಲ್ಲಿ ಬಿಳೀ ಕಲ್ಲಿನ ಹಾಗಿದ್ದ ಏನೋ ಒಂದರ ಮೇಲೆ "ಇದು ಕುರ್ಚಿಯಲ್ಲ" ಎಂದೂ, ಅದರ ಪಕ್ಕ ಥೇಟ್ ಹಾಗೇ ಇದ್ದ ಇನ್ನೊಂದರ ಮೇಲೆ "ಇಲ್ಲಿ ಕುಳಿತುಕೊಳ್ಳಿ" ಎಂದೂ ಇತ್ತು. ನಾನು ನಿಂತೇ ಇದ್ದೆ.

ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಬುಗುಟಿನ ನಿಜ ಗೊತ್ತಿದ್ದದ್ದು ಅವಳೊಬ್ಬಳಿಗೇ. "ಅಪ್ಪಾ, ತಪ್ಪು ನಿಂದಲ್ಲ, ಬಾಗಿಲಿಂದು" ಎಂದಳು. ಡಾನ್ ನಾರ್ಮನ್ ಅಂತ ಅಮೆರಿಕದವರು ಇದನ್ನು 1988ರಲ್ಲೇ ಬರೆದಿದ್ದಾರಂತೆ. ಹಿಡಿ ಕಂಡರೆ ಕೈ ತಾನಾಗಿ ಎಳೆಯುತ್ತದೆ, ಚಪ್ಪಟೆ ತಗಡು ಕಂಡರೆ ತಳ್ಳುತ್ತದೆ. ತಳ್ಳಬೇಕಾದ ಬಾಗಿಲಿಗೆ ಹಿಡಿ ಇಟ್ಟು, ಮೇಲೆ "ತಳ್ಳಿ" ಎಂದು ಬರೆದರೆ ಅದು ಬಾಗಿಲು ಮಾಡಿದವನ ಸೋಲು. ಅಂಥ ಬಾಗಿಲಿಗೆ ಈಗ "ನಾರ್ಮನ್ ಬಾಗಿಲು" ಎಂದೇ ಹೆಸರು. ಪಾಪ, ಬೈದವರ ಹೆಸರನ್ನೇ ಬಾಗಿಲಿಗೆ ಇಟ್ಟುಬಿಟ್ಟರು. ನಾನು ಇದನ್ನು ದೊಡ್ಡ ಗೆಲುವಿನ ಹಾಗೆ ಹೆಂಡತಿಗೆ ಹೇಳಿದೆ. "ಮತ್ತೆ ಬೈಕಿಂದ ಬಿದ್ದೆ ಅಂದ್ರಿ?" ಎಂದಳು.

ಹಾಳೆ ಇಲ್ಲದ ಜಾಗ ಅಂದರೆ ಮಾಲ್ ಒಂದೇ. ಅಲ್ಲಿ ದಾರಿ ತಪ್ಪಿದರೆ ಯಾರಿಗೂ ಬೇಸರವಿಲ್ಲ. ಒಂದು ಕಡೆ ಎಸ್ಕಲೇಟರ್‌ನಲ್ಲಿ ಇಳಿದರೆ, ಮುಂದಿನದಕ್ಕೆ ಅರ್ಧ ಮಾಲ್ ಸುತ್ತಬೇಕು. 1956ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಪೂರ್ತಿ ಸೂರಿನಡಿಯ ಮಾಲ್ ಕಟ್ಟಿದವರು ವಿಕ್ಟರ್ ಗ್ರುಯೆನ್. ಸೋಪು ತರಲು ಹೋದವನು ಕಕ್ಕಾಬಿಕ್ಕಿಯಾಗಿ ಸೋಪು ಮರೆತು ಶೂ ತರುತ್ತಾನಲ್ಲ, ಅದಕ್ಕೆ ಅವರ ಹೆಸರೇ ಇದೆ: ಗ್ರುಯೆನ್ ಎಫೆಕ್ಟ್. ನಮ್ಮ ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇರಲಿ, ಹೇಳಲು ಹೊರಟದ್ದು ಚಿಕ್ಕಪ್ಪನ ಕತೆ.

ಚಿಕ್ಕಪ್ಪನಿಗೆ ಎಪ್ಪತ್ತೆಂಟು. ಶಿರಸಿ ಕಡೆಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ರಿಟೈರ್ ಆದವರು. ಯಕ್ಷಗಾನದ ಹುಚ್ಚು. ಬೆಂಗಳೂರಿಗೆ ಬಂದು ಪೊರೆಯ ಆಪರೇಶನ್ ಮಾಡಿಸಿಕೊಂಡು, ಚೆಕಪ್ಪಿಗೆಂದು ನಮ್ಮ ಮನೆಯಲ್ಲೇ ಉಳಿದಿದ್ದರು. (ನನ್ನ ಜೊತೆ ಅವರು ಹವ್ಯಕ ಭಾಷೆಯಲ್ಲೇ ಮಾತಾಡುವುದು. ನಿಮಗಾಗಿ ಅರ್ಧಕ್ಕರ್ಧ ತಿದ್ದಿದ್ದೇನೆ.)

ಆ ದಿನ ಬೆಳಿಗ್ಗೆ ಅವರನ್ನು ಮನೆ ಹತ್ತಿರದ ದರ್ಶಿನಿಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಏನೂ ಹೇಳಿಕೊಡಬೇಕಾಗಲಿಲ್ಲ. ತಲೆ ಎತ್ತಿದರೆ ರೇಟಿನ ಬೋರ್ಡು, ಎದುರಿಗೆ ಗಲ್ಲಾ, ಪಕ್ಕದಲ್ಲಿ ಕೌಂಟರು, ಅದರಾಚೆ ಹಬೆಯಾಡುವ ಅಡುಗೆಮನೆ. ಸ್ಟೀಲಿನ ಎತ್ತರದ ಮೇಜು, ಕುರ್ಚಿ ಇಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಬಂದ ಈ ವ್ಯವಸ್ಥೆ ಇವತ್ತಿಗೂ ಹಾಗೇ ನಡೆದಿದೆ. ಕುರ್ಚಿ ಇಲ್ಲದ್ದೇ ಅದರ ಡಿಸೈನು. ಕೂತವನು ಪೇಪರ್ ಬಿಚ್ಚುತ್ತಾನೆ, ನಿಂತವನು ಇಡ್ಲಿ ತಿಂದು ಹೊರಡುತ್ತಾನೆ. ಚಿಕ್ಕಪ್ಪ ಟೋಕನ್ ಕೊಟ್ಟು, ಇಡ್ಲಿ ತಗೊಂಡು, ಚಟ್ನಿ ಎರಡನೇ ಸಲ ಹಾಕಿಸಿಕೊಂಡು, ಕೈ ತೊಳೆದು ಬಂದರು. ಇಡೀ ಹೋಟೆಲಿನಲ್ಲಿ ಅಂಟಿಸಿದ್ದ ಹಾಳೆ ಒಂದೇ: "ಚಿಲ್ಲರೆ ಕೊಟ್ಟು ಸಹಕರಿಸಿ."

ಸಂಜೆ ಮಗಳು ಹಟ ಹಿಡಿದಳು. ಹೊಸ ಹೋಟೆಲು ಬಂದಿದೆ, ಮಲೆನಾಡಿನ ಊಟ, ಒಳಗೆಲ್ಲ ಯಕ್ಷಗಾನದ ಥೀಮು, ಅಜ್ಜನಿಗೆ ಖುಷಿ ಆಗತ್ತೆ. ಹೆಸರು ಹೇಳುವುದಿಲ್ಲ. ಊಟ ಚೆನ್ನಾಗಿತ್ತು, ಅವರ ಹೊಟ್ಟೆ ತಣ್ಣಗಿರಲಿ.

ಮುಂದೆಯೇ ದೊಡ್ಡ ಮರದ ಬಾಗಿಲು. ಕೆತ್ತನೆಯ ದಾರಂದ, ಹಿತ್ತಾಳೆ ಬಳೆ, ಮೇಲೊಂದು ಗಂಟೆ. ಚಿಕ್ಕಪ್ಪ ಚಪ್ಪಲಿ ಬಿಟ್ಟು ಗಂಟೆ ಹೊಡೆದರು. ಒಳಗಿದ್ದವರೆಲ್ಲ ತಿರುಗಿ ನೋಡಿದರು. ಬಳೆ ಹಿಡಿದು ನೂಕಿದರು, ಎಳೆದರು, ನಾನೂ ಭುಜ ಕೊಟ್ಟೆ. ಅಲ್ಲಾಡಲಿಲ್ಲ. ಕೊನೆಗೆ ಪಕ್ಕದ ಗೋಡೆಯೇ ಸರಿದು, ಅದರೊಳಗಿಂದ ಹುಡುಗನೊಬ್ಬ ಬಂದು "ವೆಲ್ಕಮ್ ಸಾರ್" ಎಂದ. ಮರದ್ದು ಅಲಂಕಾರ, ಗೋಡೆಯೇ ಬಾಗಿಲು. ಚಿಕ್ಕಪ್ಪ ಮಾತ್ರ ಅಲ್ಲೇ ನಿಂತು ಆ ಮರವನ್ನು ಬೆರಳಿನಿಂದ ತಟ್ಟಿ ನೋಡಿದರು. "ಹಲಸಿಂದು ತಮಾ. ನಮ್ಮ ಬದಿದೇ ಯಾವುದೋ ಮನೆ ಕೆಡವಿದ್ದು. ಅಲ್ಲಿ ನೂರು ವರ್ಷ ಬಾಗಿಲಾಗಿತ್ತು, ಇಲ್ಲಿ ಬಂದು ಗೋಡೆ ಆಯ್ತು."

ಒಳಗೆ ಹೋಗಿ ಮೇಲೆ ನೋಡಿದರೆ ಸೂರಿಗೆ ಗಾರೆಯಿಲ್ಲ. ಎಸಿ ಪೈಪು, ವೈರು ಎಲ್ಲ ಬಯಲಾಗಿ ನೇತಾಡುತ್ತಿವೆ. ಚಿಕ್ಕಪ್ಪ ಮರುಕದಿಂದ, "ದುಡ್ಡು ಸಾಲಲಿಲ್ಲ ಕಾಣ್ತು ಪಾಪ" ಎಂದರು. ಮಗಳು ಇದು ಸ್ಟೈಲು ಅಜ್ಜ ಎಂದು ವಿವರಿಸಿದಳು. ಪ್ಯಾರಿಸ್‌ನಲ್ಲಿ ಪಾಂಪಿಡೂ ಸೆಂಟರ್ ಅಂತ ಇದೆ, 1977ರದ್ದು. ಪೈಪೆಲ್ಲ ಕಟ್ಟಡದ ಹೊರಗೇ ಬಿಟ್ಟಿದ್ದಾರೆ, ಗಾಳಿಯದಕ್ಕೆ ನೀಲಿ, ನೀರಿನದಕ್ಕೆ ಹಸಿರು, ಕರೆಂಟಿನದಕ್ಕೆ ಹಳದಿ ಬಣ್ಣ. ಚಿಕ್ಕಪ್ಪ ಗಮನವಿಟ್ಟು ಕೇಳಿ, "ಅವರು ಬಣ್ಣನಾದ್ರೂ ಹೊಡೆಸಿದಾರೆ" ಎಂದರು.

ದೀಪಗಳಿಗೆ ಹಾಳೆಟೊಪ್ಪಿ ಬೋರಲು ಹಾಕಿದ್ದರು. ಊರಲ್ಲಿ ತೋಟದ ಕೆಲಸದವರು ತಲೆಗೆ ಹಾಕುವ ಅದೇ ಅಡಿಕೆ ಹಾಳೆಯ ಟೊಪ್ಪಿ. ಸಾಲಾಗಿ ಮೂವತ್ತು ಟೊಪ್ಪಿ, ಒಂದೊಂದರ ಕೆಳಗೆ ಒಂದೊಂದು ಬಲ್ಬು. "ಬಲ್ಬಿಗೇನು ಬಿಸಿಲು ಬೀಳ್ತದಾ?" ಎಂದು ಚಿಕ್ಕಪ್ಪ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಲ್ಬಾದರೂ ಎಂಥದು, ಒಳಗಿನ ತಂತಿ ಕೆಂಪಗೆ ಕಾಣುವ ಹಳೇ ಮಾದರಿಯದು. ಎಡಿಸನ್ 1879ರಲ್ಲಿ ಎಷ್ಟು ಬೆಳಕು ಕೊಟ್ಟಿದ್ದನೋ, ಇವರೂ ಅಷ್ಟೇ ಕೊಡುವ ಪಣ ತೊಟ್ಟ ಹಾಗಿತ್ತು. ಚಿಕ್ಕಪ್ಪ ಮೆನು ತಗೊಂಡು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ತೆಗೆದು ಒರೆಸಿದರು. ಆಮೇಲೆ ಸಣ್ಣ ದನಿಯಲ್ಲಿ, "ತಮಾ, ಆಪರೇಶನ್ ಸರಿ ಆಗಲಿಲ್ಲ ಕಾಣ್ತು. ನಾಳೆ ಮತ್ತೊಂದ್ಸಲ ಡಾಕ್ಟರ ಹತ್ರ ಹೋಪನ" ಎಂದರು. ಮುಖ ನೋಡಿ ಹೊಟ್ಟೆ ಚುರುಕ್ ಎಂದಿತು. ನನಗೂ ಏನೂ ಕಾಣುತ್ತಿಲ್ಲ ಚಿಕ್ಕಪ್ಪ ಎಂದು ಆಣೆ ಮಾಡಿ ಹೇಳಿದ ಮೇಲೇ ಅವರ ಜೀವ ಬಂದದ್ದು.

ನಮಗೆ ಸಿಕ್ಕ ಜಾಗ ತೂಗುಮಣೆ. ಊರ ಜಗಲಿಯಲ್ಲಿ ಮಧ್ಯಾಹ್ನ ಅಡ್ಡಾಗುವ ಉಯ್ಯಾಲೆಯನ್ನು ಊಟದ ಮೇಜಿಗೆ ಕುರ್ಚಿಯಾಗಿ ಕಟ್ಟಿದ್ದರು. ಒಂದರಲ್ಲಿ ನಾನು, ಹೆಂಡತಿ, ಚಿಕ್ಕಪ್ಪ. ಮಗಳು ಬುದ್ಧಿವಂತೆ, ಎದುರಿನ ಬೆಂಚು ಹಿಡಿದಿದ್ದಳು. ನಾನು ಅನ್ನಕ್ಕೆ ಕೈ ಚಾಚಿದರೆ ಹೆಂಡತಿ ಸಾರಿನಿಂದ ದೂರ ಹೋಗುತ್ತಿದ್ದಳು. ಅವಳು ಸಾರು ಹಿಡಿಯುವಷ್ಟರಲ್ಲಿ ಚಿಕ್ಕಪ್ಪನ ತುತ್ತು ಬಾಯಿ ತಪ್ಪಿ ಗಡ್ಡಕ್ಕೆ ಬೀಳುತ್ತಿತ್ತು. ಕೊನೆಗೆ ಮೂವರೂ ಕಾಲು ನೆಲಕ್ಕೆ ಊರಿ, ಒಂದೇ ತಾಳಕ್ಕೆ ತುತ್ತೆತ್ತುವ ಅಭ್ಯಾಸ ಮಾಡಿಕೊಂಡೆವು. ಥೀಮಿಗೆ ಸರಿಯಾಗಿಯೇ ಇತ್ತು ಅನ್ನಿ.

ಗದ್ದಲ ಬೇರೆ. ಬರೀ ಕಾಂಕ್ರೀಟು, ಗಾಜು, ಗ್ರಾನೈಟು. ಒಂದು ಪರದೆ ಇಲ್ಲ, ಚಾಪೆ ಇಲ್ಲ. ಸದ್ದನ್ನು ಹೀರಿಕೊಳ್ಳುವ ಬಟ್ಟೆಬರೆ ಏನೂ ಇಲ್ಲದಿದ್ದರೆ ಅದು ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತದೆ. ಚಿಕ್ಕಪ್ಪ ಎಲ್ಲರಿಗೂ ಒಂದೆಲಗದ ತಂಬುಳಿ ಹೇಳಿದರು. ವೇಟರ್ ಹುಡುಗನಿಗೆ "ಒಂದೇ ತಂಬುಳಿ" ಎಂದು ಕೇಳಿಸಿತು. ನಾಲ್ಕು ಜನರಿಗೆ ಒಂದು ಬಂತು, ಅದೂ ಔಷಧಿ ಕುಡಿಯುವಷ್ಟು ದೊಡ್ಡ ಲೋಟದಲ್ಲಿ.

ಊಟವಾಗಿ ಕೈ ತೊಳೆಯಲು ಹೊರಟೆವು. ತಾಮ್ರದ ಹಂಡೆಯೇ ಬೇಸಿನ್, ಗೋಡೆಯಿಂದ ಬಂದ ಬಿದಿರಿನ ತುಂಡೇ ನಲ್ಲಿ. ತಿರುಪು ಇಲ್ಲ. ಇಂಥ ನಲ್ಲಿಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹೊರಡುತ್ತದೆ, ಅದು ಕೈಗೆ ತಾಗಿ ವಾಪಸ್ ಬಂದರೆ ನೀರು ಬಿಡುತ್ತದೆ. ಅಷ್ಟು ನನಗೂ ಗೊತ್ತು. ಎಲ್ಲಿಂದ ಹೊರಡುತ್ತದೆ ಎನ್ನುವುದು ಗೊತ್ತಾಗಬೇಕಲ್ಲ. ಮಂಗಳಾರತಿ ಎತ್ತಿದ ಹಾಗೆ ಎರಡೂ ಕೈ ಸುತ್ತ ಆಡಿಸಿದೆ. ನೀರು ಬರಲಿಲ್ಲ. ಚಿಕ್ಕಪ್ಪ ಏನಾಗಿದೆ ಎಂದು ಬಗ್ಗಿ ನೋಡಿದರು. ಅವರ ಮುಖಕ್ಕೆ ಬಂತು.

ಪಕ್ಕದಲ್ಲೇ ಎರಡು ಬಾಗಿಲು. ಅಕ್ಷರ ಇಲ್ಲ, ಚಿತ್ರ ಮಾತ್ರ. ಒಂದರ ಮೇಲೆ ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟಿದ ಪುರುಷವೇಷ, ಇನ್ನೊಂದರ ಮೇಲೆ ಸ್ತ್ರೀವೇಷ. ಹಿತ್ತಾಳೆ ಗೆರೆಯಲ್ಲಿ ಬಹಳ ಚೆಂದ ಮಾಡಿದ್ದರು. ಚಿಕ್ಕಪ್ಪ ಒದ್ದೆ ಮುಖದಲ್ಲೇ ಎರಡನ್ನೂ ಪರೀಕ್ಷೆ ಮಾಡಿದರು. "ಇದು ಪ್ರಭಾವತಿ, ಸುಧನ್ವಾರ್ಜುನ ಪ್ರಸಂಗದ್ದು" ಎಂದು ತೀರ್ಮಾನ ಕೊಟ್ಟು ಸೀದಾ ಅದರೊಳಗೆ ನಡೆದುಬಿಟ್ಟರು. ನಾನು ತಡೆಯುವಷ್ಟರಲ್ಲಿ ಒಳಗಿಂದ ಹೆಂಗಸಿನ ಕಿರುಚು.

ಚಿಕ್ಕಪ್ಪ ಎರಡೂ ಕೈ ಮುಗಿದುಕೊಂಡೇ ಹಿಮ್ಮುಖವಾಗಿ ಹೊರಗೆ ಬಂದರು. "ತಪ್ಪು ತಿಳಿಯಬೇಡ ತಂಗೀ, ನಾನು ಪ್ರಭಾವತಿಯನ್ನು ನೋಡಿ ಒಳಗೆ ಬಂದದ್ದು!" ಇದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಜನ ಸೇರಿದರು. ಸೂಪರ್‌ವೈಸರ್ ಓಡಿ ಬಂದು, "ಸಾರ್, ನಮ್ಮಲ್ಲಿ ಪ್ರಭಾವತಿ ಅಂತ ಯಾರೂ ಕೆಲಸಕ್ಕಿಲ್ಲ" ಎಂದರು.

ಮಾಸ್ತರಿಗೆ ಆಗ ಸಿಟ್ಟು ಬಂತು. "ಪ್ರಭಾವತಿ ವೇಷ ಮಾಡ್ತಿದ್ದವರು ಯಾರು? ಗಂಡಸರು. ಐವತ್ತು ವರ್ಷ ವೇಷ ಕಟ್ಟುವ ಚೌಕಿಯಲ್ಲಿ ಕೂತು ನೋಡಿದವ ನಾನು. ಸ್ತ್ರೀವೇಷದವ ಗಂಡಸು, ಮುಂದಲೆಯವನೂ ಗಂಡಸು. ಎರಡೂ ಗಂಡಸರದ್ದೇ. ಹೆಂಗಸರಿಗೆ ಎಲ್ಲಿ ಇಟ್ಟಿದೀರಿ, ಅದನ್ನ ಹೇಳಿ!" ಸೇರಿದವರಲ್ಲಿ ಇಬ್ಬರು ಹೌದಲ್ವಾ ಎಂದು ತಲೆ ಆಡಿಸಿದರು. ಮಗಳು ನಡುವೆ ಬಾಯಿ ಹಾಕಿ, "ಈಗ ಹೆಂಗಸರೂ ಮುಂದಲೆ ಕಟ್ಟಿ ಕುಣೀತಾರೆ ಅಜ್ಜ" ಎಂದಳು. ಇದ್ದಬದ್ದ ಒಂದು ಬಾಗಿಲೂ ಹೋಯಿತು.

ಆಂಸ್ಟರ್ಡ್ಯಾಮಿನ ಸ್ಖಿಪೋಲ್ ಏರ್‌ಪೋರ್ಟಿನಲ್ಲಿ 1990ರ ದಶಕದ ಶುರುವಿನಲ್ಲೇ ಗಂಡಸರ ಮೂತ್ರದ ತೊಟ್ಟಿಯೊಳಗೆ ಒಂದು ನೊಣದ ಚಿತ್ರ ಹಾಕಿದರಂತೆ. ಅಷ್ಟೇ. ಗಂಡಸರೆಲ್ಲ ಮಾತಾಡದೆ ಅದಕ್ಕೇ ಗುರಿ ಇಡತೊಡಗಿದರು, ನೆಲಕ್ಕೆ ಚೆಲ್ಲುವುದು ಕಡಿಮೆಯಾಯಿತು. ಒಂದು ನೊಣ, ಒಂದೂ ಹಾಳೆ ಬೇಕಾಗಲಿಲ್ಲ. ಇದನ್ನು ಸೂಪರ್‌ವೈಸರ್‌ಗೆ ಹೇಳೋಣ ಎನಿಸಿತ್ತು. ಸಂದರ್ಭ ಸರಿಯಿರಲಿಲ್ಲ.

ಅವರೂ ಕಷ್ಟ ಹೇಳಿಕೊಂಡರು. ಈ ವಾರ ಇದು ನಾಲ್ಕನೆಯದು ಸಾರ್. ಆದರೆ ಬಾಗಿಲಿಗೆ ಏನೂ ಅಂಟಿಸಬೇಡಿ, ಲುಕ್ ಹಾಳಾಗತ್ತೆ ಅಂತ ಡಿಸೈನರ್ ಹೇಳಿ ಹೋಗಿದ್ದಾರೆ. ಚಿಕ್ಕಪ್ಪ ಕೈ ಚಾಚಿದರು. "ಒಂದು ಹಾಳೆ ತಗೊಂಬಾ."

ಬಿಲ್ಲಿಂಗ್ ಕೌಂಟರಿನಿಂದ ಎರಡು ಎ-ಫೋರ್ ಹಾಳೆ, ಒಂದು ಮಾರ್ಕರ್ ಬಂತು. ಕಪ್ಪು ಹಲಗೆಯ ಮೇಲೆ ಇಡೀ ಆಯುಷ್ಯ ಬರೆದ ಕೈ. ದುಂಡಗೆ, ಗೆರೆ ಹೊಡೆದಷ್ಟು ನೇರಕ್ಕೆ ಬರೆದರು: ಗಂಡಸರು. ಹೆಂಗಸರು. ಕ್ಲೀನಿಂಗ್ ಹುಡುಗ ಅಸ್ಸಾಮಿನವನು. ಯಾವುದು ಎಲ್ಲಿಗೆ ಎಂದು ಗೊತ್ತಾಗದೆ ಮೊದಲನೆಯದನ್ನು ನೇರ ಪ್ರಭಾವತಿಯ ಮುಖಕ್ಕೇ ಅಂಟಿಸಿದ. "ಹ್ವಾ ಹ್ವಾ, ವೇಷದ ಮುಖ ಮುಚ್ಚಬೇಡ!" ಎಂದು ಚಿಕ್ಕಪ್ಪ ಕೂಗಿ, ತಾವೇ ಕಿತ್ತು, ಅದಲುಬದಲು ಮಾಡಿ, ಎರಡನ್ನೂ ಪಾದದ ಕೆಳಗೆ ಅಂಟಿಸಿದರು. ಆ ರಾತ್ರಿ ಬಿಲ್ಲಿನಲ್ಲಿ ತಂಬುಳಿಯ ದುಡ್ಡು ಹಿಡಿದಿರಲಿಲ್ಲ.

ಚಿಕ್ಕಪ್ಪ ಊರಿಗೆ ಹೋಗಿ ಮೂರು ತಿಂಗಳಾದ ಮೇಲೆ ಮತ್ತೆ ಅಲ್ಲಿಗೆ ಹೋಗಿದ್ದೆ. ಈ ಸಲ ಬೆಂಚೇ ಬೇಕೆಂದು ಕೇಳಿ ಕೂತೆ. ಕೈ ತೊಳೆಯಲು ಹೋದವನು ಬಾಗಿಲ ಮುಂದೆ ನಿಂತುಬಿಟ್ಟೆ. ಚಿಕ್ಕಪ್ಪನ ಎರಡೂ ಹಾಳೆಗೆ ತೇಗದ ಚೌಕಟ್ಟು ಹಾಕಿಸಿದ್ದರು. ಸೆಲ್ಲೋಟೇಪಿನ ಸಮೇತ. ಮೇಲೊಂದು ಹಾಳೆಟೊಪ್ಪಿ ದೀಪ. ಇಬ್ಬರು ಹುಡುಗಿಯರು "ಹೆಂಗಸರು" ಎದುರು ತುಟಿ ಮುಂದೆ ಮಾಡಿಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅಲ್ಲಿಂದಲೇ ಶಿರಸಿಗೆ ಫೋನ್ ಮಾಡಿದೆ.

"ಅಕ್ಷರ ಸರಿ ಕಾಣ್ತಾ?" ಎಂದು ಕೇಳಿದರು ಚಿಕ್ಕಪ್ಪ.

ಬಗ್ಗಿ ನೋಡಿದೆ. ಚೌಕಟ್ಟಿನ ಕೆಳಗೆ, ನಾಲ್ಕೂ ಮೂಲೆಗೆ ಸೆಲ್ಲೋಟೇಪು ಹಚ್ಚಿದ ಹೊಸ ಹಾಳೆಯೊಂದಿತ್ತು: "ದಯವಿಟ್ಟು ಬಾಗಿಲಿಗೆ ಅಡ್ಡ ನಿಂತು ಫೋಟೋ ತೆಗೆಯಬೇಡಿ."