ಸೊನ್ನೆ ಲೀಟರಿನ ರಥ

ಬೆಂಗಳೂರಿನಲ್ಲಿ ‘ಲೀಸ್’ ಅಂದರೆ ಏನು ಅಂತ ಯಾರನ್ನಾದರೂ ಕೇಳಿ, ಮನೆ ಭೋಗ್ಯಕ್ಕೆ ಹಾಕಿಕೊಳ್ಳುವುದು ಅಂತಾರೆ. ಹತ್ತು ಲಕ್ಷ ಒಟ್ಟಿಗೆ ಕೊಟ್ಟು, ಮೂರು ವರ್ಷ ಬಾಡಿಗೆಯ ಗೊಡವೆ ಇಲ್ಲದೆ ಇದ್ದು, ಖಾಲಿ ಮಾಡುವಾಗ ಅದೇ ಹತ್ತು ಲಕ್ಷ ಎಣಿಸಿಕೊಂಡು ಬರುವುದು. ಹಾಗಾಗಿ 2025ರ ದೀಪಾವಳಿ ಹೊತ್ತಿಗೆ ನಮ್ಮ ಆಫೀಸಿನ ಮೂಲಕ ಐಷಾರಾಮಿ ಎಲೆಕ್ಟ್ರಿಕ್ ಕಾರಿನ ಲೀಸ್ ಆಫರ್ ಬಂದಾಗ, ತಿಪಟೂರಿನಿಂದ ಹಬ್ಬಕ್ಕೆ ಬಂದಿದ್ದ ಮಾವನವರು ಕೇಳಿದ ಮೊದಲ ಪ್ರಶ್ನೆ: “ಗಡುವು ಮುಗಿದ ಮೇಲೆ ದುಡ್ಡು ವಾಪಸ್ ಕೊಡ್ತಾರೆ ತಾನೆ, ಅಳಿಯಂದ್ರೇ?”

ಸೋಫಾದ ತುದಿಯಲ್ಲಿ ಕೂತಿದ್ದ ಲೀಸ್ ಕಂಪನಿಯ ಹುಡುಗ ನಕ್ಕ. “ದುಡ್ಡು ಬರಲ್ಲ ಅಂಕಲ್.”

“ಗಾಡಿ?”

“ಅದೂ ಬರಲ್ಲ. ಆಮೇಲೆ 18 ಲಕ್ಷ ಕಟ್ಟಿದ್ರೆ ಬರುತ್ತೆ.”

ಕಾರಿನ ಬೆಲೆ 66 ಲಕ್ಷ. ಸಂಬಳದಿಂದ ತಿಂಗಳಿಗೆ 1,35,000 ಕಡಿತ, 48 ತಿಂಗಳು. ಮಾವನವರು ಲಗ್ನಪತ್ರಿಕೆಯೊಂದರ ಬೆನ್ನಿಗೆ ಗುಣಾಕಾರ ಹಾಕಿದರು: 64,80,000. ಇದಕ್ಕೆ ಹುಡುಗನ ಬ್ರಹ್ಮಾಸ್ತ್ರ ಸಿದ್ಧವಿತ್ತು. “ಇದು ತೆರಿಗೆಗೆ ಮುಂಚೆಯೇ ಕಡಿತ ಆಗೋ ದುಡ್ಡು ಅಂಕಲ್. ಸಾರ್‌ಗೆ 20 ಲಕ್ಷ ಉಳಿಯುತ್ತೆ!”

“ಗಾಡಿ ತಗೊಳ್ಳದೆ ಆ 20 ಲಕ್ಷ ತೆರಿಗೆ ಕಟ್ಟಿಬಿಟ್ರೆ, ಮಿಕ್ಕ 44 ಲಕ್ಷ ಇವರ ಕೈಯಲ್ಲೇ ಇರುತ್ತಲ್ಲಪ್ಪ?”

ಹುಡುಗ ಫೋನ್ ನೋಡಿಕೊಂಡ. ಅವನ ತರಬೇತಿಯಲ್ಲಿ ಈ ಪ್ರಶ್ನೆ ಇರಲಿಲ್ಲವೆಂದು ಕಾಣುತ್ತದೆ.

ಅಸಲಿ ಪವಾಡ ಇದ್ದದ್ದು ಸವಲತ್ತಿನ ಲೆಕ್ಕದಲ್ಲಿ. ಕಂಪನಿ ಕೊಟ್ಟ ಕಾರಿಗೆ ಒಂದು ಬೆಲೆ ಕಟ್ಟಿ, ತೆರಿಗೆ ಹಾಕಲು ಸಂಬಳಕ್ಕೆ ಸೇರಿಸಬೇಕಲ್ಲ? 1962ರ ಆದಾಯ ತೆರಿಗೆ ನಿಯಮಾವಳಿ ಅದನ್ನು ಅಳೆಯುತ್ತಿದ್ದದ್ದು ಕಾರಿನ ಬೆಲೆಯಿಂದಲ್ಲ, ಎಂಜಿನ್ನಿನ ಲೀಟರಿನಿಂದ. 1.6 ಲೀಟರಿನೊಳಗೆ ಇದ್ದರೆ ತಿಂಗಳಿಗೆ 1,800 ರೂಪಾಯಿ, ಮೀರಿದರೆ 2,400. ಡ್ರೈವರ್ ಇದ್ದರೆ ಇನ್ನೊಂದು 900. (ಬೆಂಗಳೂರಿನಲ್ಲಿ ತಿಂಗಳಿಗೆ 900ಕ್ಕೆ ಬರುವ ಡ್ರೈವರ್ ಸಿಕ್ಕರೆ ನನಗೂ ತಿಳಿಸಿ. ಅವನ ಬೆಳಗಿನ ಇಡ್ಲಿ-ವಡೆಗೇ ಅದು ಸಾಲದು.)

ಬ್ಯಾಟರಿ ಕಾರಿಗೆ ಎಂಜಿನ್ನೇ ಇಲ್ಲ. ಇಲ್ಲದ ಎಂಜಿನ್ ಸೊನ್ನೆ ಲೀಟರು, ಸೊನ್ನೆ 1.6ಕ್ಕಿಂತ ಕಮ್ಮಿ. ಹಾಗೆಂದು ನಮ್ಮ ಎಚ್‌ಆರ್ ಅಪ್ಪಣೆ. ನಾಲ್ಕು ಸೆಕೆಂಡಿನಲ್ಲಿ ನೂರು ಕಿ.ಮೀ. ವೇಗ ಮುಟ್ಟುವ ಎರಡೂವರೆ ಟನ್ನಿನ ರಥ ತೆರಿಗೆಯವರ ಕಣ್ಣಿಗೆ ಆಲ್ಟೊ ಪಕ್ಕದಲ್ಲಿ ವಿನಯದಿಂದ ನಿಂತಿತು. ಜಿಎಸ್‌ಟಿಯಲ್ಲೂ ಅಷ್ಟೇ: ಅಂಗಡಿಯ ಪ್ಯಾಕೆಟ್ ಅಕ್ಕಿಗೆ ಶೇ 5, ಈ ಕಾರಿಗೂ ಶೇ 5. ಸಮಾಜವಾದ ಬಂದೇ ಬಿಟ್ಟಿದೆ, ನಾವೇ ಗಮನಿಸಿಲ್ಲ.

ರಾಜ್ಯ ಸರ್ಕಾರ ಮಾತ್ರ ಅಷ್ಟು ಉದಾರಿಯಲ್ಲ. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ 2024ರಲ್ಲಿ ಶೇ 10ರ ಜೀವಿತಾವಧಿ ತೆರಿಗೆ ಹಾಕಿತು. ಅದೂ ನನ್ನ ಕಂತಿನೊಳಗೇ ಸೇರಿದೆ. ಕಾರು ಇರುವುದು ನಾಲ್ಕು ವರ್ಷ, ತೆರಿಗೆ ಕಟ್ಟುವುದು ಜೀವಮಾನದ್ದು.

ಅಗ್ರಿಮೆಂಟಿನ 14ನೇ ಪುಟದಲ್ಲಿ ‘ಸಹಜ ಸವೆತ’ ಬಿಟ್ಟು ಬೇರೆ ಏನೇ ಆದರೂ ಖರ್ಚು ನನ್ನದು ಎಂದಿತ್ತು. ಸಹಜ ಅಂದರೆ ಯಾವುದು? ಡೆಲಿವರಿ ಬೈಕಿನ ಹ್ಯಾಂಡಲ್ ಎಳೆದ ಗೀಟು ನಮ್ಮೂರಲ್ಲಿ ಸಹಜವೇ. ಮಳೆಗಾಲದಲ್ಲಿ ಅಂಡರ್‌ಪಾಸ್ ಕೆರೆಯಾಗುವುದೂ ಸಹಜವೇ. ಗುಂಡಿಗೆ ಬಿದ್ದು ಸೀಳಿದ ಟೈರು? ಹುಡುಗ ತಲೆ ಅಲ್ಲಾಡಿಸಿದ. ಅದು ಚಾಲಕನ ಅಜಾಗರೂಕತೆಯಂತೆ.

“ಇವರ ಕೆಲಸ ಹೋದ್ರೆ?” ಮಾವನವರು ಮೆಲ್ಲಗೆ ಕೇಳಿದರು. ಹಬ್ಬದ ದಿನ ಅಂಥ ಮಾತೇಕೆ ಎಂದು ಹೆಂಡತಿ ಒಳಗಿನಿಂದಲೇ ಗದರಿದಳು. ಹುಡುಗ ಮಾತ್ರ ಸಲೀಸಾಗಿ ಉತ್ತರಿಸಿದ: ಉಳಿದ ಬಾಕಿ ಒಟ್ಟಿಗೆ ಕಟ್ಟಬೇಕು, ಜತೆಗೆ ಅವಧಿಗೆ ಮುಂಚೆ ಮುರಿದದ್ದಕ್ಕೆ ದಂಡ.

ಮಾವನವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. “ನಮ್ಮ ತೋಟದಲ್ಲಿ ಒಂದು ಎತ್ತಿನ ಗಾಡಿ ಇದೆ ಕಣಪ್ಪ. ಅದಕ್ಕೂ ಎಂಜಿನ್ ಇಲ್ಲ. ಅದೂ 1.6 ಲೀಟರ್ ಒಳಗೇ ಬರುತ್ತಾ?”

ಹುಡುಗ ಟ್ಯಾಬ್ ತೆರೆದು ಬೆರಳು ಸಿದ್ಧ ಮಾಡಿಕೊಂಡ.

“ಶೋರೂಂ ಬೆಲೆ ಎಷ್ಟು ಅಂಕಲ್ ಅದರದ್ದು?”