ಪ್ಲಿಮತ್ ಊರನ್ನು ನುಂಗಿದ್ದು ಲಾವಾರಸ ಅಲ್ಲ

‘ಜ್ವಾಲಾಮುಖಿ’ ಅನ್ನೋ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತೆ. ಕೇಳಿದ ಕೂಡಲೇ ಬೆಟ್ಟದ ತುದಿಯಲ್ಲಿ ಬೆಂಕಿ, ಇಳಿಜಾರಿನಲ್ಲಿ ಕೆಂಪು ಹೊಳೆ ಕಣ್ಮುಂದೆ ಬರುತ್ತೆ. ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ದ್ವೀಪದ ರಾಜಧಾನಿ ಪ್ಲಿಮತ್ ಮಣ್ಣಾದಾಗ ಲಾವಾರಸ ಊರಿನ ಹತ್ತಿರಕ್ಕೂ ಬಂದಿರಲಿಲ್ಲ.

ಹವಾಯಿಯ ಲಾವಾ ಗಂಜಿಯ ಹಾಗೆ, ಹರಿಯುತ್ತೆ. ಮಾಂಟ್ಸೆರಾಟ್‌ನ ಸೂಫ್ರಿಯೇರ್ ಹಿಲ್ಸ್ ಜ್ವಾಲಾಮುಖಿಯದು ಆಂಡಸೈಟ್ ಅನ್ನೋ ಬಗೆಯ ಲಾವಾ, ಗಟ್ಟಿ ಮುದ್ದೆ. ಹರಿಯಲಾರದೆ ಬಾಯಲ್ಲೇ ಗುಮ್ಮಟದ ಹಾಗೆ ಪೇರಿಕೊಳ್ಳುತ್ತೆ. ಮೇಲೆ ಕಲ್ಲು, ಒಳಗೆ ಇನ್ನೂ ಕೆಂಡ ಮತ್ತು ಒತ್ತಡದಲ್ಲಿರೋ ಅನಿಲ. ಗುಮ್ಮಟ ಕಡಿದಾಗಿ ಬೆಳೆದು ಒಂದು ಮಗ್ಗುಲು ಕುಸಿದರೆ, ಬೂದಿ, ಬಂಡೆ, ಅನಿಲ ಎಲ್ಲಾ ಸೇರಿ ಗಂಟೆಗೆ ನೂರು ಕಿಲೋಮೀಟರ್ ದಾಟುವ ವೇಗದಲ್ಲಿ ಕಣಿವೆ ಹಿಡಿದು ಇಳಿಯುತ್ತೆ. ಇದಕ್ಕೆ ಪೈರೋಕ್ಲಾಸ್ಟಿಕ್ ಫ್ಲೋ ಅಂತಾರೆ. ನೂರಾರು ಡಿಗ್ರಿ ಬಿಸಿ. ಕಂಡ ಮೇಲೆ ಓಡೋಕೆ ಟೈಮೇ ಇರಲ್ಲ. ಅದಕ್ಕೇ ಇಲ್ಲಿ ಉಳಿದಿದ್ದು ಒಂದೇ ದಾರಿ: ಬರೋಕೆ ಮೊದಲೇ ಊರು ಖಾಲಿ ಮಾಡೋದು.

ಆ ಕೆಲಸ ಪ್ಲಿಮತ್‌ನಲ್ಲಿ ಚೆನ್ನಾಗೇ ಆಯ್ತು. 1995ರ ಜುಲೈ 18ರಂದು ಬೆಟ್ಟ ಎದ್ದಿತು. ಆಗಸ್ಟ್ 21ರಂದು ಬೂದಿ ಕವಿದು ಹಗಲಲ್ಲೇ ಕತ್ತಲಾದಾಗ ಮೊದಲ ಸಲ ಜನರನ್ನು ಉತ್ತರಕ್ಕೆ ಸಾಗಿಸಿದರು. ವಾಪಸ್ ಬಂದರು, ಡಿಸೆಂಬರ್‌ನಲ್ಲಿ ಮತ್ತೆ ಹೋದರು, ಮತ್ತೆ ಬಂದರು. 1996ರ ಏಪ್ರಿಲ್ 3ರಂದು ಹೋದವರು ಮಾತ್ರ ಮತ್ತೆ ಆ ಮನೆಗಳಲ್ಲಿ ಸಂಸಾರ ಮಾಡಲಿಲ್ಲ. 1997ರ ಆಗಸ್ಟ್ ಮೊದಲ ವಾರದಲ್ಲಿ ಬಿಸಿ ಪ್ರವಾಹ ಊರಿಗೆ ನುಗ್ಗಿ ಸುಟ್ಟಾಗ ಅದು ಖಾಲಿ ಊರು.

ಆದರೂ ಈ ಜ್ವಾಲಾಮುಖಿಗೆ 19 ಜನ ಬಲಿಯಾದರು. ಊರು ಖಾಲಿಯಿದ್ದರೆ ಅವರು ಸತ್ತಿದ್ದೆಲ್ಲಿ? ಅದಕ್ಕೂ ಮೊದಲು, ಜೂನ್ 25ರ ಮಧ್ಯಾಹ್ನ, ಬೆಟ್ಟದ ಇನ್ನೊಂದು ಮಗ್ಗುಲಲ್ಲಿ. ಅದೂ ತೆರವು ಮಾಡಿಸಿದ್ದ ಜಾಗವೇ. ಕೆಲವರು ಅಲ್ಲಿಗೆ ಹೋಗಿದ್ದು ಬೆಳೆ ನೋಡಿಕೊಳ್ಳೋಕೆ. ದ್ವೀಪದ ಫಲವತ್ತಾದ ಹೊಲಗಳಿದ್ದದ್ದು ಆ ಇಳಿಜಾರಲ್ಲೇ. ಉತ್ತರದಲ್ಲಿ ಸಿಕ್ಕಿದ್ದು ಚರ್ಚು, ಶಾಲೆಗಳಲ್ಲಿ ಮಲಗೋ ಜಾಗ; ಬಾಗಿಲಿಲ್ಲ, ಮರೆಯಿಲ್ಲ, ಶೌಚಾಲಯ ಸಾಲದು, ಉಳೋಕೆ ನೆಲವಂತೂ ಇಲ್ಲ. ಅಂಥವರನ್ನು ‘ಎಚ್ಚರಿಕೆ ಮೀರಿದವರು’ ಅಂತ ಬರೆದು ಮುಗಿಸೋದು ನನಗೆ ಒಪ್ಪಿಗೆಯಿಲ್ಲ. ಜನರನ್ನು ಸಾಗಿಸಿ ಹೊಲವನ್ನು ಅಲ್ಲೇ ಬಿಟ್ಟರೆ ತೆರವು ಅರ್ಧ ಮಾತ್ರ ಆಗಿರುತ್ತೆ. ಅದೇ ವರ್ಷ ನೆರವಿನ ಮಾತು ಬಂದಾಗ, ಇವರು ಇನ್ನು ಚಿನ್ನದ ಆನೆಗಳನ್ನೂ ಕೇಳ್ತಾರೆ ಅಂದವರು ಬ್ರಿಟನ್ನಿನ ಮಂತ್ರಿ ಕ್ಲೇರ್ ಶಾರ್ಟ್. ಮಾಂಟ್ಸೆರಾಟ್ ಬ್ರಿಟನ್ನಿನದೇ ಪ್ರದೇಶ ಅನ್ನೋದನ್ನು ನೆನಪಿಟ್ಟುಕೊಂಡು ಆ ಮಾತು ಓದಬೇಕು.

ಇನ್ನೊಂದು ಸಿಟ್ಟು ಹಳೇದು. 1980ರ ದಶಕದಲ್ಲೇ ವಿಜ್ಞಾನಿಗಳಾದ ಜೆಫ್ ವಾಜ್ ಮತ್ತು ಮೈಕೆಲ್ ಐಸಾಕ್ಸ್ ಈ ಬೆಟ್ಟವನ್ನು ಅಧ್ಯಯನ ಮಾಡಿ, ಎದ್ದರೆ ಪ್ಲಿಮತ್‌ಗೆ ಅಪಾಯ ಅಂತ ವರದಿ ಕೊಟ್ಟಿದ್ದರು. 1989ರಲ್ಲಿ ಹ್ಯೂಗೋ ಚಂಡಮಾರುತ ದ್ವೀಪದ ಬಹುಪಾಲು ಕಟ್ಟಡಗಳನ್ನು ಜಖಂ ಮಾಡಿತು. ಹೇಗೂ ಹೊಸದಾಗಿ ಕಟ್ಟಬೇಕು, ಉತ್ತರಕ್ಕೆ ಸರಿಯೋಕೆ ಅಂಥ ಅವಕಾಶ ಇನ್ನೊಂದಿರಲಿಲ್ಲ. ಆದರೂ ಹೊಸ ಆಸ್ಪತ್ರೆ, ಸರ್ಕಾರಿ ಕಚೇರಿ ಎದ್ದಿದ್ದು ಮತ್ತೆ ಪ್ಲಿಮತ್‌ನಲ್ಲೇ, ಬಂದರಿನ ಪಕ್ಕ, ಬೆಟ್ಟದ ಬುಡದಲ್ಲಿ.

ಬೂದಿಯ ಬಗ್ಗೆ ಎರಡು ಮಾತು, ಇದನ್ನು ಒಲೆ ಬೂದಿ ಅಂದುಕೊಂಡವರು ಬಹಳ. ಇದು ಪುಡಿಯಾದ ಕಲ್ಲು. ಒಂದು ಚದರ ಮೀಟರ್ ಚಾವಣಿ ಮೇಲೆ 10 ಸೆಂ.ಮೀ. ಒಣ ಬೂದಿ ಕೂತರೆ ಹೆಚ್ಚುಕಮ್ಮಿ 100 ಕಿಲೋ. ಮಳೆ ಬಿದ್ದರೆ ನೀರು ಕುಡಿದು ಒಂದೂವರೆಯಿಂದ ಎರಡು ಪಟ್ಟು. ತಗಡಿನ ಚಾವಣಿ ಕುಸಿಯೋದು ಹೀಗೆ. ಆದ್ದರಿಂದ ಮಳೆಗೆ ಮೊದಲೇ, ಸ್ವಲ್ಪ ಸ್ವಲ್ಪ ಇರುವಾಗಲೇ ತೆಗೀಬೇಕು. ಹಾರದಷ್ಟು ಮಾತ್ರ ನೀರು ಚಿಮುಕಿಸಿ ಸಲಿಕೆಯಲ್ಲಿ ಎತ್ತಬೇಕು. ಪೈಪ್ ಹಿಡಿದು ತೊಳೆದರೆ ಚಾವಣಿ ಅಂಚಿನ ನೀರುದೋಣಿ, ಚರಂಡಿಯಲ್ಲಿ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತೆ. ಅದಕ್ಕೂ ಮೊದಲು ಮಳೆನೀರು ತೊಟ್ಟಿಗೆ ಹೋಗೋ ಪೈಪನ್ನು ಕಳಚಿಡಬೇಕು. ಮೂಗಿಗೆ ಕರ್ಚೀಫು ಸಾಲದು. ಗುಮ್ಮಟ ಕುಸಿದು ಬಂದ ಬೂದಿಯಲ್ಲಿ, ಶ್ವಾಸದ ಜೊತೆ ಒಳಹೋಗುವಷ್ಟು ಸಣ್ಣ ಕಣಗಳ ಪೈಕಿ 10ರಿಂದ 24 ಶೇಕಡಾ ಕ್ರಿಸ್ಟೊಬಲೈಟ್ ಸಿಕ್ಕಿತ್ತು. ಅದು ಸಿಲಿಕಾದ ಒಂದು ರೂಪ. ಕಲ್ಲು ಕೆಲಸದವರನ್ನು ಕಾಡುವ ಸಿಲಿಕೋಸಿಸ್‌ಗೆ ಇಂಥ ಧೂಳೇ ಕಾರಣ. ಎನ್95 ಮಾಸ್ಕ್ ಬೇಕು, ಮುಖಕ್ಕೆ ಬಿಗಿಯಾಗಿ ಕೂರಬೇಕು.

ಸುಟ್ಟ ಪ್ಲಿಮತ್ ಹೂತುಹೋಗಿದ್ದು ಮಾತ್ರ ಒಂದೇ ದಿನದಲ್ಲಲ್ಲ. ಆಮ್ಲಮಳೆ, ಬೂದಿಗೆ ಬೆಟ್ಟದ ಗಿಡಮರ ಸತ್ತವು. ನೀರನ್ನು ತಡೆಯೋಕೆ ಏನೂ ಇಲ್ಲ. ಪ್ರತಿ ದೊಡ್ಡ ಮಳೆಗೂ ಬೂದಿ ಕೆಸರಾಗಿ ಇಳಿದು ಊರೊಳಗೆ ಕೂರುತ್ತಾ ಹೋಯ್ತು. ಕೆಲವು ಕಡೆ ಮೇಲಿನ ಮಹಡಿಯಷ್ಟೇ ಹೊರಗಿದೆ.

ಸುಮಾರು ಹನ್ನೊಂದು ಸಾವಿರ ಜನರಿದ್ದ ದ್ವೀಪದಲ್ಲಿ ಮೂರರಲ್ಲಿ ಎರಡು ಪಾಲು ಹೊರಟುಹೋದರು. ವಿಮೆ ಕಂಪನಿಗಳು ಪಾಲಿಸಿ ಹಿಂತೆಗೆದುಕೊಂಡವು. ಅಮೆರಿಕ 1997ರಲ್ಲಿ ಕೊಟ್ಟಿದ್ದ ತಾತ್ಕಾಲಿಕ ಆಶ್ರಯವನ್ನು 2005ರಲ್ಲಿ ನಿಲ್ಲಿಸಿತು. ಕೊಟ್ಟ ಕಾರಣ ನೋಡಿ: ಜ್ವಾಲಾಮುಖಿ ಬೇಗ ತಣಿಯುವ ಹಾಗೆ ಕಾಣಲ್ಲ, ಆದ್ದರಿಂದ ಇದು ‘ತಾತ್ಕಾಲಿಕ’ ತೊಂದರೆ ಅಲ್ಲ! ಕಾನೂನಿನ ಪದಕ್ಕೆ ಸರಿ, ಮನೆ ಕಳಕೊಂಡವನಿಗೆ ಏನು ಹೇಳೋಣ.

ಕಾಗದದಲ್ಲಿ ಇವತ್ತಿಗೂ ರಾಜಧಾನಿ ಪ್ಲಿಮತ್ತೇ. ಕಚೇರಿಗಳಿರೋದು ಉತ್ತರದ ಬ್ರೇಡ್ಸ್‌ನಲ್ಲಿ. ಪ್ಲಿಮತ್‌ನ ಹಳೇ ಜೆಟ್ಟಿಗೆ ಮಾತ್ರ ಮತ್ತೆ ಕೆಲಸ ಸಿಕ್ಕಿತು: ಬೆಟ್ಟ ತಂದು ಸುರಿದದ್ದನ್ನೇ ಅಗೆದು, ಕಟ್ಟಡದ ಮರಳು ಅಂತ ಅಕ್ಕಪಕ್ಕದ ದ್ವೀಪಗಳಿಗೆ ಹಡಗಿಗೆ ತುಂಬಿಸೋದು.